ದ್ರಾಕ್ಷಿ ತೋಟದ ಹುಳುಗಳು: ಹೊಡೆಯುವ ಮುನ್ನ ನೋಡಬೇಕಾದುದು

ಮಹಾಶಿವರಾತ್ರಿಯ ದಿನ ನಮ್ಮ ಬಹುಪಾಲು ಮನೆಗಳಲ್ಲಿ ಉಪವಾಸದ ಫಲಾಹಾರಕ್ಕೆಂದು ತಟ್ಟೆಯಲ್ಲಿ ದ್ರಾಕ್ಷಿಯ ಗೊನೆಯೊಂದು ಇದ್ದೇ ಇರುತ್ತದೆ. ಆ ಗೊನೆಯು ಎಷ್ಟು ಹುಳುಗಳ ಬಾಯಿಂದ ತಪ್ಪಿಸಿಕೊಂಡು ಬಂದಿದೆ, ಅದಕ್ಕಾಗಿ ತೋಟದವನು ಎಷ್ಟು ಸಲ ಔಷಧದ ಪಂಪು ಹೊತ್ತಿದ್ದಾನೆ ಎಂಬುದನ್ನು ಕೊಳ್ಳುವವರಾರೂ ಕೇಳುವುದಿಲ್ಲ. ಬೆಳೆದವನೂ ಹೇಳುವುದಿಲ್ಲ. ಹೇಳಿಕೊಂಡರೆ ಹಣ್ಣಿನ ಬೆಲೆ ಇಳಿದೀತೆಂಬ ಭಯ ಅವನದು. ನಾವಾದರೋ ಬೆಳೆಯುವವರೂ ಹೌದು, ತಿನ್ನುವವರೂ ಹೌದು. ಆದುದರಿಂದ ಎರಡೂ ಕಡೆಯ ಮಾತನ್ನು ಇಲ್ಲಿ ಹೇಳಬಹುದೆಂದು ತಿಳಿದಿದ್ದೇವೆ.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಬಸವನ ಬಾಗೇವಾಡಿ, ಇಂಡಿ ಭಾಗಗಳಲ್ಲಿ ದ್ರಾಕ್ಷಿ ಎಂಬುದು ಕೇವಲ ಒಂದು ಬೆಳೆಯಲ್ಲ. ಮಗಳ ಮದುವೆ, ಮಗನ ಕಾಲೇಜು, ಸೊಸೈಟಿಯ ಸಾಲ, ಹೊಸ ಬಾವಿ ಎಲ್ಲವೂ ಅದೇ ಬಳ್ಳಿಗೆ ಜೋತುಬಿದ್ದಿರುತ್ತವೆ. ಬರಗಾಲದ ವರ್ಷಗಳಲ್ಲಿ ಟ್ಯಾಂಕರ್ ನೀರನ್ನು ಕೊಂಡು ಬಳ್ಳಿಯ ಬುಡಕ್ಕೆ ಹನಿಹನಿಯಾಗಿ ಉಣಿಸಿ ಬದುಕಿಸಿಕೊಂಡವರ ಮನೆಗಳು ನಮ್ಮ ಸುತ್ತಲೂ ಇವೆ. ಅಷ್ಟು ಕಷ್ಟದಿಂದ ಉಳಿಸಿಕೊಂಡ ಬಳ್ಳಿಯ ಗೊನೆಯೊಳಗೆ ಒಂದು ದಿನ ಬೆಳಗ್ಗೆ ಹಿಟ್ಟು ಉದುರಿಸಿದಂತೆ ಬಿಳಿಯ ಪದಾರ್ಥ ಕಂಡಾಗ ಆಗುವ ಎದೆಬಡಿತವನ್ನು ಅನುಭವಿಸಿದವರೇ ಬಲ್ಲರು.

ಅದೇ ಹಿಟ್ಟು ತಿಗಣೆ. ದ್ರಾಕ್ಷಿಗೆ ಬರುವ ಹುಳುಗಳು ಹಲವಾರಿದ್ದರೂ ನಮ್ಮ ಭಾಗದ ತೋಟಗಳನ್ನು ಹೆಚ್ಚಾಗಿ ಕಾಡಿದ್ದು ಇದೇ. ನಮಗೆ ಪಾಠ ಕಲಿಸಿದ್ದೂ ಇದೇ. ಆದುದರಿಂದ ಮೊದಲು ಆ ಪಾಠದ ಕತೆಯನ್ನೇ ಹೇಳಿಬಿಡುತ್ತೇವೆ.

2013ರ ಸಂಕ್ರಮಣ ಮುಗಿದು ವಾರವಾಗಿತ್ತು. ನಮ್ಮ ಮೂರು ಎಕರೆಯ ತೋಟದಲ್ಲಿ ಗೊನೆಗಳು ತುಂಬಿ, ಕಾಳಿಗೆ ಇನ್ನೇನು ರಸವಿಳಿಯುವ ಹಂತದಲ್ಲಿತ್ತು. ಬಳ್ಳಿಗಳ ತೋಳಿನ ಮೇಲೆ, ಗೊನೆಯ ತೊಟ್ಟಿನ ಬಳಿ, ಬಿಳಿಯ ಹಿಟ್ಟು ತಿಗಣೆ ಅಲ್ಲಲ್ಲಿ ಇದ್ದುದು ನಮಗೆ ತಿಳಿದಿತ್ತು. ಅವುಗಳ ನಡುವೆ ಆ ವಾರ ಬೇರೊಂದು ಕಂಡಿತು. ಬಿಳಿಯದೇ, ಆದರೆ ಮೂರು ನಾಲ್ಕು ಪಟ್ಟು ದೊಡ್ಡದು. ಮೈತುಂಬ ಉಣ್ಣೆಯ ಎಳೆಗಳಂತೆ ಮೇಣದ ಜುಟ್ಟುಗಳು. ಹುಳುವೇ ಬಲಿತು ಇಷ್ಟು ದೊಡ್ಡದಾಗಿದೆಯೆಂದು ನಾವು ಗಾಬರಿಗೊಂಡೆವು. ಆಗ ತೋಟದಲ್ಲಿ ಎಲೆ ತೆಗೆಯುತ್ತಿದ್ದ ನಮ್ಮ ಅವ್ವ, "ಯಪ್ಪಾ, ಈ ದೊಡ್ಡ ಬಿಳೀ ಹುಳ ಸಣ್ಣ ಹುಳಾ ತಿನ್ನಾಕತ್ತೈತಿ ನೋಡ" ಎಂದು ಎರಡು ಸಲ ಕರೆದು ಹೇಳಿದರು. ಅಕ್ಷರ ಕಲಿತವರೆಂಬ ಬಿಂಕ ನಮಗಿತ್ತಲ್ಲವೆ? ಹುಳು ಹುಳುವನ್ನು ತಿನ್ನುವುದುಂಟೆ ಎಂದು ನಕ್ಕು, ಔಷಧದ ಅಂಗಡಿಗೆ ಹೋದೆವು. ಅಂಗಡಿಯವರು ಕೈಯಲ್ಲಿದ್ದ ಎರಡು ಘಾಟಿನ ಔಷಧಗಳನ್ನು ಕೂಡಿಸಿ ಹೊಡೆಯಲು ಹೇಳಿದರು. ತೋಟವನ್ನು ಅವರೂ ನೋಡಿರಲಿಲ್ಲ, ಹುಳುವನ್ನು ಒಯ್ದು ತೋರಿಸಬೇಕೆಂಬ ಬುದ್ಧಿ ನಮಗೂ ಬರಲಿಲ್ಲ.

ಹೊಡೆದೆವು. ಮೂರು ದಿನಗಳಲ್ಲಿ ದೊಡ್ಡ ಹುಳುಗಳೆಲ್ಲ ನೆಲಕ್ಕೆ ಬಿದ್ದವು. ಗೆದ್ದೆವೆಂದುಕೊಂಡೆವು. ಫೆಬ್ರುವರಿಯ ಮಧ್ಯದ ಹೊತ್ತಿಗೆ ಸಣ್ಣ ಹುಳುಗಳು ಗೊನೆಯ ಒಳಗೆಲ್ಲ ತುಂಬಿದವು. ಅವು ಸುರಿಸುವ ಅಂಟಿನಿಂದ ಕಾಳುಗಳು ಜಿಗುಟಾದವು. ಆ ಅಂಟಿನ ಮೇಲೆ ಕಾಡಿಗೆಯಂತಹ ಕಪ್ಪು ಬೂಷ್ಟು ಬೆಳೆಯಿತು. ಕೊಳ್ಳಲು ಬಂದ ದಲಾಲರು ಗೊನೆಯೊಂದನ್ನು ಎತ್ತಿ, ಒಳಗೆ ಬೆರಳಾಡಿಸಿ, ಮಾತನಾಡದೆ ಕೆಳಗಿಟ್ಟು ಹೋದರು. ಒಣದ್ರಾಕ್ಷಿ ಮಾಡೋಣವೆಂದರೆ ಕಪ್ಪು ಹಿಡಿದ ಕಾಳಿಗೆ ಬಣ್ಣ ಬರುವುದಿಲ್ಲ. ಬೆಳೆಯ ಮೂರನೆಯ ಒಂದು ಪಾಲನ್ನು ತಿಪ್ಪೆಗೆ ಹಾಕಿದೆವು. ಆ ವರ್ಷದ ವೈಶಾಖದಲ್ಲಿ ಗೊತ್ತುಮಾಡಿದ್ದ ತಂಗಿಯ ಮದುವೆಯನ್ನು ಬೀಗರ ಮನೆಗೆ ಹೋಗಿ, ತಲೆ ತಗ್ಗಿಸಿ, ಮುಂದಿನ ವರ್ಷಕ್ಕೆ ಕೇಳಿಕೊಂಡು ಬಂದೆವು. ಬೀಗರು ದೊಡ್ಡ ಮನಸ್ಸಿನವರು, ಒಪ್ಪಿದರು. ಆದರೂ ಆ ದಿನ ಅವರ ಪಡಸಾಲೆಯಲ್ಲಿ ಕುಳಿತ ಗಳಿಗೆ ಈಗಲೂ ಮರೆತಿಲ್ಲ.

ಮಾರ್ಚಿನಲ್ಲಿ ತೋಟಕ್ಕೆ ಬಂದ ಕೀಟಶಾಸ್ತ್ರದ ತಜ್ಞರೊಬ್ಬರು, ಪಕ್ಕದ ತೋಟದಲ್ಲಿ ಉಳಿದಿದ್ದ ಅದೇ ಉಣ್ಣೆಯ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ತೋರಿಸಿದರು. "ಇದು ನಿಮ್ಮ ವೈರಿ ಅಲ್ರೀ ಯಜಮಾನ್ರ, ಕೂಲಿ ಇಲ್ಲದ ಆಳು" ಎಂದರು. ಪಕ್ಕದವರು ಸೆಪ್ಟೆಂಬರಿನಲ್ಲಿ ತಂದು ಬಿಟ್ಟಿದ್ದ ಗುಲಗಂಜಿ ದುಂಬಿಯ ಮರಿಗಳು ಅವು. ನಮ್ಮ ತೋಟದಲ್ಲಿ ಆಹಾರವಿದೆಯೆಂದು ತಾವಾಗಿ ಬಂದಿದ್ದವು. ನಾವು ಅವುಗಳನ್ನು ದುಡ್ಡು ಕೊಟ್ಟು ಕೊಂದಿದ್ದೆವು. ಅವ್ವ ಅಲ್ಲಿಯೇ ನಿಂತಿದ್ದರು. ಏನೂ ಅನ್ನಲಿಲ್ಲ.

ವೈರಿಯ ಗುಟ್ಟು

ಹಿಟ್ಟು ತಿಗಣೆ ಅಷ್ಟು ಸುಲಭವಾಗಿ ಔಷಧಕ್ಕೆ ಬಗ್ಗದಿರುವುದೇಕೆ ಎಂಬುದನ್ನು ತಿಳಿದರೆ ಅರ್ಧ ಕೆಲಸವಾದಂತೆ. ನಮ್ಮ ದ್ರಾಕ್ಷಿಯಲ್ಲಿ ಹೆಚ್ಚಾಗಿ ಕಾಣುವ ಜಾತಿಯ ಶಾಸ್ತ್ರೀಯ ಹೆಸರು ಮೆಕೋನೆಲ್ಲಿಕಾಕಸ್ ಹಿರ್ಸುಟಸ್. ಮೈ ಗುಲಾಬಿ, ಮೇಲೆ ಬಿಳಿಯ ಮೇಣದ ಪುಡಿ. ಬೆರಳಿನಿಂದ ಹಿಸುಕಿದರೆ ಕೆಂಪು ಛಾಯೆಯ ರಸ ಬರುತ್ತದೆ. ಬಲಿತ ಹೆಣ್ಣು ಸುಮಾರು 3 ಮಿಲಿಮೀಟರ್ ಉದ್ದವಿದ್ದು, ಹತ್ತಿಯಂತಹ ಚೀಲವೊಂದನ್ನು ನೇಯ್ದು ಅದರಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಬಿಸಿಲಿನ ದಿನಗಳಲ್ಲಿ ಒಂದು ತಿಂಗಳೊಳಗೆ ಒಂದು ಪೀಳಿಗೆ ಮುಗಿದು ಇನ್ನೊಂದು ಹುಟ್ಟುತ್ತದೆ. ಹೀಗೆ ಡಿಸೆಂಬರಿನಲ್ಲಿ ಕಣ್ಣಿಗೆ ಬೀಳದಷ್ಟಿದ್ದುದು ಫೆಬ್ರುವರಿಯಲ್ಲಿ ತೋಟ ತುಂಬುತ್ತದೆ.

ಮೇಣದ ಹೊದಿಕೆಯ ಮೇಲೆ ಬಿದ್ದ ಔಷಧ ಕಮಲದೆಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತದೆ. ಅಲ್ಲದೆ ಹುಳು ಬಯಲಿನಲ್ಲಿ ಇರುವುದೇ ಕಡಮೆ. ಹಳೆಯ ತೊಗಟೆಯ ಅಡಿಯಲ್ಲಿ, ಕಾಂಡದ ಬಿರುಕಿನಲ್ಲಿ, ಬುಡದ ಮಣ್ಣಿನಲ್ಲಿ, ಕೊನೆಗೆ ಒತ್ತಾದ ಗೊನೆಯ ನಡುವೆ ಅಡಗಿರುತ್ತದೆ. ಅದನ್ನು ತಿನ್ನಲು ಬಂದ ದುಂಬಿಯ ಮರಿ ಮಾತ್ರ ಬಯಲಿನಲ್ಲಿ ಓಡಾಡುತ್ತಿರುತ್ತದೆ. ಔಷಧ ಬಿದ್ದಾಗ ಮೊದಲು ಸಾಯುವುದು ಅದೇ. ನಮ್ಮ ತೋಟದಲ್ಲಿ ಆದುದು ಇಷ್ಟೇ.

ಆದರೆ ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಗೆ ಈ ಮೇಣವಿರುವುದಿಲ್ಲ. ಅದು ತೊಗಟೆಯಿಂದ ಹೊರಟು ಎಳೆಯ ಕುಡಿಯತ್ತ ತೆವಳುವ ಕೆಲವು ದಿನಗಳೇ ಅದರ ದುರ್ಬಲ ಗಳಿಗೆ. ಔಷಧ ಹೊಡೆಯಲೇಬೇಕಾದಲ್ಲಿ ಆಗಲೇ ಹೊಡೆಯಬೇಕು. ಆ ಗಳಿಗೆ ಯಾವುದೆಂದು ಪಂಚಾಂಗದಲ್ಲಿ ಬರೆದಿರುವುದಿಲ್ಲ, ತೋಟದಲ್ಲಿ ನೋಡಿಯೇ ತಿಳಿಯಬೇಕು.

ನೋಡುವುದಕ್ಕೆ ಒಂದು ಸುಲಭದ ದಾರಿ ಇರುವೆ. ಬೆಳಗಿನ ತಂಪಿನಲ್ಲಿ ಕಾಂಡದ ಮೇಲೆ ಇರುವೆಗಳ ಸಾಲು ಮೇಲೇರುತ್ತಿದ್ದರೆ, ಮೇಲೆಲ್ಲೋ ಹಿಟ್ಟು ತಿಗಣೆಯಿದೆಯೆಂದು ತಿಳಿಯಬಹುದು. ಹುಳು ಸುರಿಸುವ ಸಿಹಿಯಾದ ಅಂಟಿಗಾಗಿ ಇರುವೆ ಅದನ್ನು ದನ ಕಾಯ್ದಂತೆ ಕಾಯುತ್ತದೆ. ತಿನ್ನಲು ಬರುವ ದುಂಬಿಯನ್ನೂ, ಕಣಜವನ್ನೂ ಓಡಿಸುತ್ತದೆ. ಆದುದರಿಂದ ಬುಡದಲ್ಲಿರುವ ಇರುವೆಯ ಗೂಡನ್ನು ಮೊದಲು ಹುಡುಕತಕ್ಕದ್ದು. ಕಾಂಡದ ಸುತ್ತ ಅಂಟಿನ ಪಟ್ಟಿ ಸುತ್ತಿದರೆ ಇರುವೆಯೂ, ತೆವಳುವ ಮರಿಯೂ ಅಲ್ಲಿಯೇ ಸಿಕ್ಕಿಬೀಳುತ್ತವೆ. ಪಟ್ಟಿಯ ಮೇಲೆ ಮರಿಗಳು ಹೆಚ್ಚಾಗಿ ಅಂಟಿದ ವಾರವೇ ನಾವು ಹುಡುಕುತ್ತಿರುವ ಆ ದುರ್ಬಲ ಗಳಿಗೆ.

ಇಲ್ಲಿ ನಮ್ಮ ತಾಯಂದಿರಿಗೂ ಒಂದು ಮಾತು ಹೇಳಬೇಕಾಗಿದೆ. ಪೂಜೆಗೆಂದು ಮನೆಯ ಮುಂದೆ ಬೆಳೆಸುವ ದಾಸವಾಳದ ಗಿಡ ಈ ಹುಳುವಿಗೆ ಬಹಳ ಪ್ರಿಯವಾದುದು. ಇಂಗ್ಲಿಷಿನಲ್ಲಿ ಅದರ ಹೆಸರೇ ದಾಸವಾಳದ ಗುಲಾಬಿ ಹಿಟ್ಟು ತಿಗಣೆ ಎಂಬ ಅರ್ಥದ್ದು. ಬೆಂಡೆ, ಸೀತಾಫಲ, ಪೇರಲ, ಹಿಪ್ಪುನೇರಳೆಗಳ ಮೇಲೂ ಇರುತ್ತದೆ. ತೋಟದಂಚಿನಲ್ಲಿ ಮನೆಯಿದ್ದವರು ದಾಸವಾಳವನ್ನು ಕಿತ್ತು ಹಾಕಬೇಕೆಂದು ನಾವು ಹೇಳುವುದಿಲ್ಲ. ಬೆಳಗ್ಗೆ ಹೂ ಬಿಡಿಸುವಾಗ ಕುಡಿ ಮುದುರಿಕೊಂಡು ಗಂಟಾಗಿದೆಯೇ ಎಂದು ನೋಡಿ, ಆಗಿದ್ದರೆ ಆ ಕುಡಿಯನ್ನು ಚಿವುಟಿ ಸುಟ್ಟುಬಿಟ್ಟರೆ ಸಾಕು. ಇದೇ ಹುಳು 1994ರಲ್ಲಿ ಕೆರಿಬಿಯನ್ ಸಮುದ್ರದ ಗ್ರೆನೇಡಾ ದ್ವೀಪದಲ್ಲಿ ಕಾಣಿಸಿಕೊಂಡು, ಅಲ್ಲಿನ ತೋಟ ಕಾಡುಗಳನ್ನೆಲ್ಲ ಹಾಳುಗೆಡವಿ, ಸುತ್ತಲಿನ ದ್ವೀಪಗಳಿಗೂ ಹಬ್ಬಿತು. ಕಡೆಗೆ ಅದು ಹತೋಟಿಗೆ ಬಂದದ್ದು ಗುಲಗಂಜಿ ದುಂಬಿ ಮತ್ತು ಸಣ್ಣ ಪರಾವಲಂಬಿ ಕಣಜಗಳನ್ನು ತಂದು ಬಿಟ್ಟ ಮೇಲೆ.

ಕುಂಬಳಕಾಯಿಯ ಮೇಲೆ ಬೆಳೆಯುವ ಬಂಟ

ಆ ದುಂಬಿಯ ಹೆಸರು ಕ್ರಿಪ್ಟೋಲೀಮಸ್ ಮೋಂಟ್ರೂಜಿಯೇರಿ. ಬಾಯಿಗೆ ಕಷ್ಟವಾದ ಹೆಸರು, ನಮ್ಮಲ್ಲಿ ಕ್ರಿಪ್ಟೋ ಎಂದೇ ರೂಢಿಯಾಗಿದೆ. ಮೂಲತಃ ಆಸ್ಟ್ರೇಲಿಯದ್ದು. 1898ರಲ್ಲಿ ಕಾಫಿಯ ಹಸುರು ಶಲ್ಕ ಕೀಟದ ಮೇಲೆ ಪ್ರಯೋಗಿಸಲೆಂದು ಇದನ್ನು ಭಾರತಕ್ಕೆ ತರಲಾಯಿತು. ಬೆಳೆದ ದುಂಬಿ ಕಡು ಕಪ್ಪು ಕಂದು, ತಲೆ ಮತ್ತು ಹಿಂಭಾಗ ಕಿತ್ತಳೆ ಬಣ್ಣ. ಹಿಟ್ಟು ತಿಗಣೆಯ ಮೊಟ್ಟೆಯ ಚೀಲದಲ್ಲಿಯೇ ತನ್ನ ಮೊಟ್ಟೆಯಿಡುತ್ತದೆ. ಹುಟ್ಟಿದ ಮರಿಗೆ ಕಣ್ಣು ಬಿಟ್ಟರೆ ಎದುರಿಗೇ ಊಟ. ಮರಿಯ ಮೈಯ ಮೇಲಿನ ಬಿಳಿಯ ಜುಟ್ಟುಗಳಿಂದಾಗಿ ಅದು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಇರುವೆಗಳನ್ನು ವಂಚಿಸಲು ಪ್ರಕೃತಿ ಕೊಟ್ಟ ವೇಷವದು. ನಮ್ಮನ್ನೂ ವಂಚಿಸಿತು. ಗುರುತು ಹಿಡಿಯುವುದು ಕಷ್ಟವಲ್ಲ: ಕಡ್ಡಿಯಿಂದ ಮುಟ್ಟಿದರೆ ಹಿಟ್ಟು ತಿಗಣೆ ಕದಲುವುದೇ ಕಷ್ಟ, ದುಂಬಿಯ ಮರಿ ಸರಸರನೆ ಓಡುತ್ತದೆ. ಬಲಿತಾಗ 1 ಸೆಂಟಿಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಹಿಟ್ಟು ತಿಗಣೆ ನಮ್ಮ ದ್ರಾಕ್ಷಿಯಲ್ಲಿ ಇರುವುದಿಲ್ಲ.

ಹೆಕ್ಟೇರಿಗೆ 5,000 ದುಂಬಿಗಳನ್ನು ಬಿಡಬೇಕೆಂಬುದು ಶಿಫಾರಸು, ಎಂದರೆ ಎಕರೆಗೆ ಸುಮಾರು 2,000. ಸಾಲಿನಿಂದ ಸಾಲಿಗೆ 9 ಅಡಿ, ಬಳ್ಳಿಯಿಂದ ಬಳ್ಳಿಗೆ 5 ಅಡಿಯಂತೆ ನೆಟ್ಟ ತೋಟದಲ್ಲಿ ಎಕರೆಗೆ 968 ಬಳ್ಳಿಗಳು ಬರುವುದರಿಂದ, ಲೆಕ್ಕಕ್ಕೆ ಬಳ್ಳಿಗೆರಡು ದುಂಬಿಗಳಾದವು. ಸಂಜೆಯ ತಂಪಿನಲ್ಲಿ, ಹುಳುವಿರುವ ಬಳ್ಳಿಗಳನ್ನೇ ಆರಿಸಿ ಬಿಡುವುದು ಲೇಸು. ಬಿಡುವ ಮುನ್ನ ಇರುವೆಯ ಕಾಟ ತಪ್ಪಿಸಿರಬೇಕು. ಬಿಟ್ಟ ಮೇಲೆ ಘಾಟಿನ ಕೀಟನಾಶಕಗಳನ್ನು ಮುಟ್ಟಬಾರದು. ಇದೊಂದು ಮಾತಿನಲ್ಲಿಯೇ ಹಲವರು ಎಡವುತ್ತಾರೆ. ಒಂದು ಕೈಯಿಂದ ದುಂಬಿ ಬಿಟ್ಟು ಇನ್ನೊಂದು ಕೈಯಿಂದ ಔಷಧ ಹೊಡೆದು, ಕೊನೆಗೆ ದುಂಬಿಯಿಂದ ಏನೂ ಆಗಲಿಲ್ಲವೆಂದು ಹೇಳುತ್ತಾರೆ. ಹುಳು ಮಿತಿಮೀರಿ ಗೊನೆ ತುಂಬಿದ ಮೇಲೆ ತಂದು ಬಿಟ್ಟರೂ ಫಲ ತಡವಾಗುತ್ತದೆ. ಮಳೆಗಾಲದ ಕೊನೆಯಲ್ಲಿಯೇ ಬಿಟ್ಟರೆ ಒಳ್ಳೆಯದು.

ಇದನ್ನು ಸಾಕುವ ಕ್ರಮವನ್ನು ನೋಡಿದ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬಹಳ ಸೋಜಿಗವಾಯಿತು. ಬಲಿತ ಸಿಹಿಗುಂಬಳದ ಮೇಲೆ, ಅದರಲ್ಲಿಯೂ ತೊಟ್ಟು ಇರುವ ಮತ್ತು ಮೈಮೇಲೆ ಏಣುಗಳಿರುವ ಕಾಯಿಯ ಮೇಲೆ, ಮೊದಲು ಹಿಟ್ಟು ತಿಗಣೆಯನ್ನೇ ಬೆಳೆಸುತ್ತಾರೆ. ಕಾಯಿಯನ್ನು ತೊಳೆದು ಒಣಗಿಸಿ, ಗಾಯವಾದಲ್ಲಿ ಮೇಣ ಮೆತ್ತಿ, ತೆಳುಬಟ್ಟೆ ಕಟ್ಟಿದ ಪೆಟ್ಟಿಗೆಯಲ್ಲಿಡುತ್ತಾರೆ. ಕಾಯಿಯೆಲ್ಲ ಬೆಳ್ಳಗಾದ ಮೇಲೆ ದುಂಬಿಗಳನ್ನು ಒಳಗೆ ಬಿಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಹೊಸ ದುಂಬಿಗಳು ಬೆಳಕಿನತ್ತ ಬಂದು ಬಟ್ಟೆಗೆ ಕೂರುತ್ತವೆ, ಅವುಗಳನ್ನು ಆರಿಸಿಕೊಳ್ಳುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ, ಬೆಂಗಳೂರಿನಲ್ಲಿಯೇ ಇರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೂ ಈ ದುಂಬಿಯ ವಿಷಯದಲ್ಲಿ ಬಹಳ ಕೆಲಸ ಮಾಡಿವೆ. ನಮ್ಮ ಭಾಗದವರು ಮೊದಲು ವಿಜಯಪುರದ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ದುಂಬಿಯೊಂದರಿಂದಲೇ ಎಲ್ಲವೂ ಆದೀತೆಂದಲ್ಲ. ಏಪ್ರಿಲ್ ಚಾಟನಿಯ ನಂತರ ಕಾಂಡ ಮತ್ತು ತೋಳುಗಳ ಸಡಿಲ ತೊಗಟೆಯನ್ನು ಕೈಯಿಂದ ಉಜ್ಜಿ ತೆಗೆದು, ಬಟ್ಟೆಯಲ್ಲಿ ಕೂಡಿಸಿ ಸುಡಬೇಕು. ಅಲ್ಲಿಯೇ ಬಿಟ್ಟರೆ ಹುಳು ಮತ್ತೆ ಹತ್ತುತ್ತದೆ. ಈ ಕೆಲಸಕ್ಕೆ ಆಳು ಹೆಚ್ಚು ಬೇಕೆಂದು ಬಹಳ ಜನ ಬಿಟ್ಟುಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ತೊಗಟೆ ತೆಗೆಯುವ ಕೂಲಿಯಷ್ಟು ಸಾರ್ಥಕವಾದ ಖರ್ಚು ದ್ರಾಕ್ಷಿಯಲ್ಲಿ ಮತ್ತೊಂದಿಲ್ಲ. ತಂಪಾದ, ತೇವದ ದಿನಗಳಲ್ಲಿ ಹುಳುವಿನ ಮೇಲೆ ಬೆಳೆದು ಅದನ್ನು ಕೊಲ್ಲುವ ಲೆಕ್ಯಾನಿಸಿಲಿಯಂ ಎಂಬ ಶಿಲೀಂಧ್ರದ ಪುಡಿಯೂ ದೊರೆಯುತ್ತದೆ. ಒಣ ಬಿಸಿಲಿನಲ್ಲಿ ಅದರಿಂದ ಪ್ರಯೋಜನವಿಲ್ಲ.

ಉಳಿದ ಹುಳುಗಳನ್ನು ಅವು ಬರುವ ಕಾಲದಲ್ಲಿ ನೆನೆಯುವುದೇ ಸರಿ. ದಸರೆಯ ಆಸುಪಾಸಿನಲ್ಲಿ ಅಕ್ಟೋಬರ್ ಚಾಟನಿ ಮಾಡಿದ ಮೇಲೆ ಕಣ್ಣುಗಳು ಉಬ್ಬತೊಡಗುತ್ತವೆ. ಆ ವಾರದಲ್ಲಿಯೇ ಕಂಚಿನ ಹೊಳಪಿನ, ರೆಕ್ಕೆಯ ಮೇಲೆ ಆರು ಕಪ್ಪು ಚುಕ್ಕೆಗಳಿರುವ ಸಣ್ಣ ದುಂಬಿ ಬಂದು ಕಣ್ಣನ್ನು ಕೊರೆದು ತಿನ್ನುತ್ತದೆ. ಅಂಗಡಿಯವರು ಇದನ್ನು ಫ್ಲೀ ಬೀಟಲ್ ಎನ್ನುತ್ತಾರೆ. ತಿಂದ ಕಣ್ಣು ಚಿಗುರುವುದಿಲ್ಲ, ಚಿಗುರದ ಕಣ್ಣಿನಲ್ಲಿ ಗೊನೆಯೂ ಇಲ್ಲ. ವರ್ಷದ ಬೆಳೆಯ ಲೆಕ್ಕ ಹತ್ತು ದಿನಗಳಲ್ಲಿ ಮುಗಿದುಹೋಗುತ್ತದೆ. ಮುಟ್ಟಿದರೆ ಸತ್ತಂತೆ ನೆಲಕ್ಕೆ ಬೀಳುವ ಗುಣ ಇದಕ್ಕಿದೆ. ಬೆಳಗ್ಗೆ ಬಳ್ಳಿಯ ಕೆಳಗೆ ಹಳೆಯ ಕೊಡೆಯನ್ನು ತಲೆಕೆಳಗಾಗಿ ಹಿಡಿದು ತೋಳನ್ನು ಜಾಡಿಸಿದರೆ ಎಷ್ಟಿವೆಯೆಂದು ಎಣಿಸಬಹುದು, ಬಿದ್ದವನ್ನು ಸೀಮೆಎಣ್ಣೆ ಬೆರೆತ ನೀರಿಗೆ ಹಾಕಬಹುದು. ಇದರ ಮರಿಗಳು ಮಣ್ಣಿನಲ್ಲಿ ಬೇರು ತಿನ್ನುತ್ತವೆ.

ಕುಡಿ ಒಡೆದು, ಹೂವಾಗಿ, ಕಾಳು ಕಟ್ಟುವವರೆಗೆ ಥ್ರಿಪ್ಸ್ ಕಾಟ. ಕಣ್ಣಿಗೆ ಕಾಣಿಸಿಯೂ ಕಾಣಿಸದಂತಹ, 1 ಮಿಲಿಮೀಟರ್ ಉದ್ದದ ಹಳದಿ ಹುಳು. ಎಳೆಯ ಎಲೆಯನ್ನು ಕೆರೆದು ರಸ ಹೀರಿದಾಗ ಎಲೆ ಮುದುರುತ್ತದೆ. ಎಳೆಯ ಕಾಳನ್ನು ಕೆರೆದರೆ ಅಲ್ಲಿ ಕಂದು ಬಣ್ಣದ ಹಕ್ಕಳೆ ಕಟ್ಟಿ, ಕಾಳು ದೊಡ್ಡದಾಗುವಾಗ ಆ ಗಾಯವೂ ಹಿಗ್ಗುತ್ತದೆ. ಗಾಯ ಕಂಡ ಮೇಲೆ ಏನು ಹೊಡೆದರೂ ಮಾಯುವುದಿಲ್ಲ. ಆದುದರಿಂದ ಗಾಯವನ್ನು ಹುಡುಕದೆ ಹುಳುವನ್ನೇ ಹುಡುಕಬೇಕು: ಬಿಳಿಯ ಹಾಳೆಯೊಂದನ್ನು ಕುಡಿಯ ಕೆಳಗೆ ಹಿಡಿದು ಮೂರು ಸಲ ತಟ್ಟಿದರೆ ಹಳದಿ ಚುಕ್ಕೆಗಳು ಓಡಾಡುವುದು ಕಾಣುತ್ತದೆ. ಮಕ್ಕಳ ಹಳೆಯ ಪಟ್ಟಿಯ ಖಾಲಿ ಹಾಳೆಯೇ ಸಾಕು. ಮಕ್ಕಳ ಕಣ್ಣು ನಮಗಿಂತ ಚುರುಕು ಎಂಬುದನ್ನೂ ಅನುಭವದಿಂದ ಹೇಳುತ್ತೇವೆ. ಆದರೆ ಔಷಧ ಹೊಡೆದ ಆಸುಪಾಸಿನ ದಿನಗಳಲ್ಲಿ ಮಕ್ಕಳನ್ನು ತೋಟಕ್ಕೆ ಕರೆದೊಯ್ಯಬಾರದು.

ಕಾಂಡ ಕೊರೆಯುವ ಹುಳು ಬೇರೆ ಬಗೆಯದು. ಮಳೆಗಾಲದಲ್ಲಿ ಉದ್ದ ಮೀಸೆಯ ದೊಡ್ಡ ದುಂಬಿ ಕಾಂಡದಲ್ಲಿ ಮೊಟ್ಟೆಯಿಡುತ್ತದೆ. ಮರಿ ಒಳಗೊಳಗೇ ಕೊರೆಯುತ್ತ ಹೋಗುತ್ತದೆ. ಬುಡದಲ್ಲಿ ಮರದ ಹೊಟ್ಟಿನಂತಹ ಪುಡಿ ಬಿದ್ದಿದ್ದರೆ ಅದೇ ಗುರುತು. ರಂಧ್ರದೊಳಗೆ ತಂತಿ ತೂರಿಸಿ ಮರಿಯನ್ನು ಕೊಂದು ಕೆಸರಿನಿಂದ ಮುಚ್ಚಬೇಕು. ಜಾಲಿಯ ಗಿಡಗಳಲ್ಲಿಯೂ ಇದು ವಾಸಿಸುವುದರಿಂದ ಬದುವಿನ ಜಾಲಿಯ ಕಡೆಯ ಸಾಲುಗಳನ್ನು ಹೆಚ್ಚಾಗಿ ನೋಡಬೇಕು. ಹತ್ತು ವರ್ಷದ ಬಳ್ಳಿಯೊಂದು ಹೀಗೆ ಒಣಗಿದರೆ ಆ ಜಾಗ ತುಂಬಲು ಮತ್ತೆ ವರ್ಷಗಳೇ ಬೇಕು.

ವಹಿಯ ಮಾತು

ನಾವು ಈಗ ಪಾಲಿಸುತ್ತಿರುವ ಕ್ರಮ ಬಹಳ ಸರಳವಾದುದು. ಸೋಮವಾರ ಮತ್ತು ಗುರುವಾರ ಬೆಳಗ್ಗೆ ಎಕರೆಗೆ 20 ಬಳ್ಳಿಗಳನ್ನು ನೋಡುತ್ತೇವೆ. ಒಂದೇ ಸಾಲಿನವನ್ನಲ್ಲ, ಓರೆಯಾಗಿ ನಡೆಯುತ್ತ, ಅಂಚಿನವನ್ನೂ ನಡುವಿನವನ್ನೂ. ಹುಳು ಹೆಚ್ಚಾಗಿ ಮೊದಲು ಕಾಣುವುದು ರಸ್ತೆಯ ಧೂಳು ಬೀಳುವ ಅಂಚಿನಲ್ಲಿ, ಹಾಗೂ ಹಿಂದಿನ ವರ್ಷ ಎಲ್ಲಿತ್ತೋ ಅಲ್ಲಿಯೇ. ಅಂತಹ ಬಳ್ಳಿಗೆ ಕೆಂಪು ಬಟ್ಟೆಯ ಚೂರನ್ನು ಕಟ್ಟುತ್ತೇವೆ. ಹತ್ತು ರೂಪಾಯಿಯ ವಹಿಯಲ್ಲಿ ದಿನ, ಬಳ್ಳಿಯ ಸಂಖ್ಯೆ, ಏನು ಕಂಡಿತು, ಎಷ್ಟು ಎಂದು ಬರೆಯುತ್ತೇವೆ. ವೈರಿಯ ಪಕ್ಕದ ಕಲಮಿನಲ್ಲಿ ಬಂಟನ ಎಣಿಕೆಯೂ ಇರುತ್ತದೆ. ಎರಡು ವರ್ಷಗಳ ವಹಿ ಕೂಡಿದ ಮೇಲೆ ತಿಳಿದುಬಂದ ಸಂಗತಿಯೇನೆಂದರೆ, ಹಿಟ್ಟು ತಿಗಣೆ ಪ್ರತಿ ವರ್ಷವೂ ಮೊದಲು ಕಾಣುವುದು ಸುಮಾರು ನಲವತ್ತು ಬಳ್ಳಿಗಳ ಒಂದು ಮೂಲೆಯಲ್ಲಿ. ಹಿಂದೆ ಆ ನಲವತ್ತಕ್ಕಾಗಿ ಮೂರು ಎಕರೆಗೂ ಔಷಧ ಹೊಡೆಯುತ್ತಿದ್ದೆವು.

ವಹಿ ಬರೆಯುವವರು ಅವ್ವ. ಅಂಕಿ ಬರೆಯಲು ಬರುತ್ತದೆ, ಅಕ್ಷರಗಳ ಬದಲು ಗುರುತು ಹಾಕುತ್ತಾರೆ: ಹಿಟ್ಟು ತಿಗಣೆಗೆ ಸೊನ್ನೆ, ದುಂಬಿಗೆ ಗುಲಗಂಜಿಯಂತೆ ಚುಕ್ಕೆ.

ಔಷಧವೇ ಬೇಡವೆಂದು ನಾವು ವಾದಿಸುವುದಿಲ್ಲ. ಹೊಡೆಯಲೇಬೇಕಾದ ದಿನಗಳು ಬರುತ್ತವೆ. ಆದರೆ ಯಾವುದನ್ನು, ಎಂದು, ಎಷ್ಟು ಎಂಬುದನ್ನು ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವು ಪ್ರಕಟಿಸುವ ಪಟ್ಟಿಯನ್ನು ನೋಡಿಯೋ, ತಜ್ಞರನ್ನು ಕೇಳಿಯೋ ನಿರ್ಧರಿಸಬೇಕು. ಒಂದೇ ಗುಂಪಿನ ಔಷಧವನ್ನು ಮೇಲಿಂದ ಮೇಲೆ ಹೊಡೆದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೆಸರು ಬೇರೆ ಬೇರೆಯಿದ್ದರೂ ಡಬ್ಬಿಯೊಳಗಿನ ಔಷಧ ಒಂದೇ ಆಗಿರುವುದುಂಟು, ಆದುದರಿಂದ ವ್ಯಾಪಾರದ ಹೆಸರಿನ ಕೆಳಗೆ ಸಣ್ಣದಾಗಿ ಬರೆದ ಹೆಸರನ್ನು ಓದಬೇಕು. ಹಿಂದೆ ದ್ರಾಕ್ಷಿಯಲ್ಲಿ ಮನೆಮಾತಾಗಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. ಹಳೆಯ ಸೀಸೆ ಅಟ್ಟದ ಮೇಲಿದ್ದರೆ ಅದನ್ನು ಬಳಸತಕ್ಕದ್ದಲ್ಲ.

ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬ ಅವಧಿ ಪ್ರತಿ ಔಷಧಕ್ಕೂ ಬೇರೆ. ಇದನ್ನು ಮೀರಿದರೆ ಏನಾಗುತ್ತದೆಂಬುದನ್ನು ನಮ್ಮ ದೇಶ 2003ರಲ್ಲಿ ಕಂಡಿತು. ನೆದರ್ಲೆಂಡ್ಸಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಮಿತಿಗಿಂತ ಹೆಚ್ಚು ಕೀಟನಾಶಕದ ಅಂಶ ಸಿಕ್ಕಿ ದೊಡ್ಡ ಗೊಂದಲವಾಯಿತು. ಆ ನಂತರವೇ ರಫ್ತಿನ ತೋಟಗಳನ್ನು ನೋಂದಾಯಿಸಿ, ಹಣ್ಣಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆ ಬಂತು. ವಿದೇಶಕ್ಕೆ ಹೋಗುವ ಹಣ್ಣಿಗೆ ಅಷ್ಟು ಪರೀಕ್ಷೆ, ನಮ್ಮ ಊರ ಸಂತೆಗೆ ಬರುವ ಹಣ್ಣಿಗೆ ಹೆಚ್ಚಾಗಿ ಏನೂ ಇಲ್ಲ! ಇದು ನಮ್ಮನ್ನು ಕಾಡುವ ಸಂಗತಿ. ಒಣದ್ರಾಕ್ಷಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸುಮಾರು 4 ಕಿಲೋ ಹಣ್ಣು ಒಣಗಿ 1 ಕಿಲೋ ಆಗುವಾಗ ನೀರು ಹೋಗುತ್ತದೆಯೇ ಹೊರತು, ಹಣ್ಣಿನಲ್ಲಿ ಉಳಿದ ಔಷಧವೆಲ್ಲ ಹೋಗುವುದಿಲ್ಲ.

ಕೊಳ್ಳುವ ಬಂಧುಗಳು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಕಾಳಿನ ಮೇಲೆ ಸಮನಾಗಿ ಹರಡಿದ, ಬೆರಳಿನಿಂದ ಒರೆಸಿದರೆ ಹೋಗುವ ತೆಳುವಾದ ಬೂದಿಯಂತಹ ಬಿಳುಪು ಔಷಧವಲ್ಲ, ಹಣ್ಣೇ ಹುಟ್ಟಿಸಿಕೊಂಡ ಮೇಣ. ಅದು ತಾಜಾತನದ ಗುರುತು. ತೊಟ್ಟಿನ ಬಳಿ ಹತ್ತಿಯಂತೆ ಗಂಟುಗಟ್ಟಿದ, ಅಂಟು ಅಂಟಾದ ಬಿಳುಪು ಮಾತ್ರ ಹಿಟ್ಟು ತಿಗಣೆಯದು. ಹಣ್ಣು ಯಾವುದೇ ಇರಲಿ, ಹರಿಯುವ ನೀರಿನಲ್ಲಿ ಕಾಳು ಬಿಡಿಸಿ ಚೆನ್ನಾಗಿ ತೊಳೆದೇ ಮಕ್ಕಳಿಗೆ ಕೊಡಬೇಕು.

ಹೊಡೆಯುವವರ ಮನೆಯ ಹೆಣ್ಣುಮಕ್ಕಳಿಗೂ ಹೇಳುವುದಿದೆ. ಔಷಧದ ಡಬ್ಬಿಯ ಮೇಲೆ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಘೋರ ವಿಷ, ನಂತರ ಹಳದಿ, ನೀಲಿ, ಹಸುರು. ಹಸುರೆಂದರೂ ವಿಷವೇ. ಹೊಡೆದವರ ಬಟ್ಟೆಯನ್ನು ಮನೆಯ ಬಟ್ಟೆಗಳೊಡನೆ ನೆನೆಸಬಾರದು. ಖಾಲಿ ಡಬ್ಬಿಯಲ್ಲಿ ಎಣ್ಣೆ, ಕಾಳು ತುಂಬಿಡುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ, ಅದನ್ನು ಇಂದೇ ನಿಲ್ಲಿಸಬೇಕು. ಹೊಡೆದು ಬಂದವರಿಗೆ ತಲೆಸುತ್ತು, ವಾಂತಿ, ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜಾಗುವುದು ಕಂಡರೆ ಬಿಸಿಲು ತಾಗಿದೆಯೆಂದು ಮಜ್ಜಿಗೆ ಕುಡಿಸಿ ಮಲಗಿಸದೆ, ಡಬ್ಬಿಯ ಚೀಟಿಯನ್ನು ಸಮೇತ ತೆಗೆದುಕೊಂಡು ಆಸ್ಪತ್ರೆಗೆ ಓಡಬೇಕು. ಯಾವ ವಿಷವೆಂದು ತಿಳಿದರೆ ವೈದ್ಯರು ತಕ್ಷಣ ಚಿಕಿತ್ಸೆಗೆ ತೊಡಗಬಲ್ಲರು. ಬೆಳೆ ಹೋದರೆ ಮುಂದಿನ ಚಾಟನಿ ಇದೆ.

ತಂಗಿಯ ಮದುವೆ 2014ರಲ್ಲಿ ನಡೆಯಿತು. ಆ ವರ್ಷವೂ ಹುಳು ಬಂದಿತ್ತು, ಬಾರದ ವರ್ಷವೆಂಬುದೇ ಇಲ್ಲ. ಸೆಪ್ಟೆಂಬರಿನಲ್ಲಿ ತಂದು ಬಿಟ್ಟ ದುಂಬಿಗಳು ಆ ಮೂಲೆಯ ನಲವತ್ತು ಬಳ್ಳಿಗಳಲ್ಲಿ ನೆಲೆ ನಿಂತಿದ್ದವು. ನಾಲ್ಕಾರು ಬಳ್ಳಿಗಳ ಗೊನೆಗಳನ್ನು ಮಾತ್ರ ಕಿತ್ತೊಗೆಯಬೇಕಾಯಿತು. ಅಂದಿನ ವಹಿ ಈಗಲೂ ನಮ್ಮ ಮನೆಯ ಮಾಡದಲ್ಲಿದೆ. ಜನವರಿಯ ಮೂರನೆಯ ವಾರದ ಹಾಳೆಯಲ್ಲಿ ಹದಿನಾಲ್ಕು ಸೊನ್ನೆಗಳೂ ಮೂವತ್ತೊಂದು ಚುಕ್ಕೆಗಳೂ ಇವೆ. ಕೆಳಗೆ, ಔಷಧದ ಕಲಮಿನಲ್ಲಿ, ಅವ್ವ ಒಂದು ಗೆರೆ ಎಳೆದು ಬಿಟ್ಟಿದ್ದಾರೆ.